ಗಿರಣಿಯವನ ಮಗನು ನೋಡಿದ ಆಕಾಶ

(ಓದತಕ್ಕ ಭಾಗಗಳು: ೧ ಅರಸುಗಳು ೧೮ನೆಯ ಅಧ್ಯಾಯ; ಲೂಕ ೧೨ನೆಯ ಅಧ್ಯಾಯ)



ಕಲಬುರಗಿಯಿಂದ ಹುಮನಾಬಾದಿನ ದಾರಿ ಹಿಡಿದು ಕಮಲಾಪುರಕ್ಕೆ ಹೋಗುವವನ ಕಣ್ಣಿಗೆ ನೆಲಕ್ಕಿಂತ ಮೊದಲು ಬೀಳುವದು ಆಕಾಶವೇ. ಮರಗಳು ವಿರಳ, ಎರೆಯ ಹೊಲಗಳು ದೂರದ ವರೆಗೆ ಹಬ್ಬಿಕೊಂಡಿವೆ, ಮಿಕ್ಕದ್ದೆಲ್ಲಾ ಮೇಲಿನದು. ಕಳೆದ ಆಷಾಢದಲ್ಲಿ ಈ ದಾರಿಯ ಬಸ್ಸಿನಲ್ಲಿ ನಮ್ಮ ಸಭೆಗಳಲ್ಲೊಂದಕ್ಕೆ ಸೇರಿದ ವೃದ್ಧ ರೈತನೊಬ್ಬನು ನನ್ನ ಪಕ್ಕದಲ್ಲಿ ಕೂತಿದ್ದನು. ಮಿರಗದ ಮಳೆಗೆ ಬಿತ್ತಿದ ಅವನ ತೊಗರಿಯು ಮೊಳೆತು ಬಾಡುತ್ತಿತ್ತು. “ಅಯ್ಯನವರೇ, ದಿನಾಲು ಮ್ಯಾಲ ನೋಡಿ ಪ್ರಾರ್ಥನಾ ಮಾಡಿದೆ. ಮೋಡ ಬರ್ತದ, ಹೋಗ್ತದ. ಈಗ ಮ್ಯಾಲ ನೋಡೋದೇ ಬಿಟ್ಟೀನಿ” ಅಂದನು. ತಾಳ್ಮೆಯಿಂದಿರು ಎಂದು ನಾನು ಹೇಳಿದೆನು. ಅದು ಉತ್ತರವಲ್ಲವೆಂದು ಅವನಿಗೂ ತಿಳಿದಿತ್ತು, ನನಗೂ ತಿಳಿದಿತ್ತು.

ಅನಂತರ ನನಗೆ ನೆನಪಾದವನು ಒಬ್ಬ ಚಿತ್ರಗಾರನು. ಇಂಗ್ಲೆಂಡಿನ ಸಫೋಕ್ ಸೀಮೆಯಲ್ಲಿ ೧೭೭೬ರಲ್ಲಿ ಹುಟ್ಟಿದ ಜಾನ್ ಕಾನ್‌ಸ್ಟೇಬಲ್ ಎಂಬವನು. ಅವನ ತಂದೆಯು ಹಿಟ್ಟಿನ ಗಿರಣಿಗಳ ಒಡೆಯನೂ ಧಾನ್ಯದ ವ್ಯಾಪಾರಿಯೂ ಆಗಿದ್ದನು. ಮಗನು ಯೌವನದಲ್ಲಿ ಆ ಗಿರಣಿಗಳಲ್ಲಿ ದುಡಿದನು. ಗಾಳಿಯಿಂದ ತಿರುಗುವ ಗಿರಣಿಯವನಿಗೆ ಆಕಾಶವನ್ನು ನೋಡದೆ ಗತಿಯಿಲ್ಲ. ಬಿರುಗಾಳಿಯು ಬರುವ ಮೊದಲೇ ರೆಕ್ಕೆಗಳ ಬಟ್ಟೆಯನ್ನು ಮಡಿಸದಿದ್ದರೆ ಗಿರಣಿಯೇ ಮುರಿದುಹೋಗುವದು. ನಮ್ಮ ರೈತನಂತೆಯೇ ಅವನೂ ಹೊಟ್ಟೆಯ ನಿಮಿತ್ತವಾಗಿ ಮೇಲೆ ನೋಡಲು ಕಲಿತವನು.

ಅವನು ಹೊಲ, ಹೊಳೆ, ಮರಗಳ ಚಿತ್ರಗಳನ್ನು ಬರೆಯುವವನಾದ ಮೇಲೆ, ಆಕಾಶವು ಹಿಂದೆ ಕಟ್ಟಿದ ಬಿಳೀ ಬಟ್ಟೆಯಂತಿದ್ದರೆ ಸಾಕೆಂದು ಅವನಿಗೆ ಬುದ್ಧಿಹೇಳಿದವರು ಇದ್ದರು. ಅವನು ಒಪ್ಪಲಿಲ್ಲ. ಬೆಳಕು ಅಲ್ಲಿಂದಲೇ ಬರುವದರಿಂದ ಕೆಳಗಿನದೆಲ್ಲಾ ಅದಕ್ಕೆ ಅಧೀನವೆಂದು ೧೮೨೧ರಲ್ಲಿ ತನ್ನ ಸ್ನೇಹಿತನಾದ ಜಾನ್ ಫಿಶರ್ ಪಾದ್ರಿಗೆ ಪತ್ರ ಬರೆದನು. ಆ ವರುಷವೂ ಮರುವರುಷವೂ ಆಗ ಲಂಡನಿನ ಹತ್ತಿರವಿದ್ದ ಹ್ಯಾಂಪ್‌ಸ್ಟೆಡ್ ಗುಡ್ಡದ ಮೇಲೆ ನಿಂತು, ಕಾಗದದ ಮೇಲೆ ಎಣ್ಣೆಬಣ್ಣದಿಂದ ಆಕಾಶವನ್ನೇ ಮತ್ತೆ ಮತ್ತೆ ಬರೆದನು. ೧೮೨೨ರ ಶರತ್ಕಾಲದ ಹೊತ್ತಿಗೆ ಸುಮಾರು ೫೦ ಚಿತ್ರಗಳಾದವು. ಕೆಲವುಗಳಲ್ಲಿ ಒಂದು ಮರದ ತುದಿಯೂ ಇಲ್ಲ, ಬರೇ ಮೋಡ. ಮೋಡವು ಯಾರಿಗೂ ಕಾಯುವದಿಲ್ಲವಷ್ಟೆ. ಆದದರಿಂದ ಕೈ ಬೇಗ ಸಾಗಬೇಕಾಗಿತ್ತು. ಅನೇಕ ಕಾಗದಗಳ ಹಿಂಬದಿಯಲ್ಲಿ ದಿನವನ್ನೂ ಹೊತ್ತನ್ನೂ ಗಾಳಿ ಬೀಸಿದ ದಿಕ್ಕನ್ನೂ ಬರೆದಿಟ್ಟನು.

ಅವನನ್ನು ದೊಡ್ಡ ಭಕ್ತನೆಂದು ತೋರಿಸುವದು ನನ್ನ ಉದ್ದೇಶವಲ್ಲ. ಅವನ ಕಸುಬನ್ನು ಹೇಳುತ್ತಿದ್ದೇನೆ. ಆದರೆ ಇದನ್ನೂ ಕೇಳಿರಿ: ಅವನು ಆ ಗುಡ್ಡದಲ್ಲಿ ಮನೆ ಹಿಡಿದದ್ದು ಹೆಂಡತಿಯಾದ ಮರಾಯಳ ಆರೋಗ್ಯಕ್ಕಾಗಿ. ಆಕೆ ಕ್ಷಯರೋಗದಿಂದ ೧೮೨೮ರಲ್ಲಿ ಏಳು ಮಕ್ಕಳನ್ನು ಬಿಟ್ಟು ತೀರಿಕೊಂಡಳು. ಮನೆಯೊಳಗೆ ಇಂಥ ಚಿಂತೆಯಿದ್ದವನು ಹೊರಗೆ ನಿಂತು, ಈ ಹೊತ್ತು ಮೋಡ ಹೀಗಿದೆ, ಗಾಳಿ ಇತ್ತಲಿಂದ ಎಂದು ಇದ್ದದ್ದನ್ನು ಇದ್ದಂತೆ ಬರೆದನು.

ನಾವಾದರೋ ಬೇಕಾದದ್ದನ್ನು ಮಾತ್ರ ಮೇಲೆ ಹುಡುಕುತ್ತೇವೆ. ಆಷಾಢದಲ್ಲಿ ಕೈಮುಗಿದು ಕರೆದ ಮೋಡವನ್ನೇ ತೊಗರಿಯು ಹೂವಾಡುವ ಕಾಲದಲ್ಲಿ ಶಪಿಸುತ್ತೇವೆ. ಯಾಕಂದರೆ ಆಗ ಮೋಡ ಕವಿದರೆ ಕಾಯಿಕೊರಕ ಹುಳುವು ಹೆಚ್ಚುವದು. ೨೦೨೦ನೆಯ ಅಕ್ಟೋಬರದಲ್ಲಿ ಭೀಮಾ ನದಿಯು ಉಕ್ಕಿ ನಮ್ಮ ಜಿಲ್ಲೆಯ ಊರುಗಳಿಗೆ ನುಗ್ಗಿತು. ೨೦೨೩ರಲ್ಲಿ ರಾಜ್ಯದ ೨೩೬ ತಾಲೂಕುಗಳಲ್ಲಿ ೨೨೩ನ್ನು ಸರಕಾರವು ಬರಪೀಡಿತವೆಂದು ಸಾರಿತು. ಮೋಡವನ್ನು ದೇವರ ಮುಖವೆಂದು ಎಣಿಸಿ, ಅದು ಬಂದರೆ ಮೆಚ್ಚಿದನು, ಹೋದರೆ ಮುನಿದನು ಎನ್ನುವವನು ಈ ಎರಡು ವರುಷಗಳಿಗೆ ಏನು ಅರ್ಥ ಹೇಳುವನು? ಪಡುವಣ ಮೋಡವನ್ನು ಕಂಡು ಮಳೆ ಬರುವದೆಂದು ಹೇಳಬಲ್ಲವರನ್ನು ಕರ್ತನು ಗದರಿಸಿದ್ದು ಆ ಜಾಣತನಕ್ಕಾಗಿ ಅಲ್ಲ. ಅಷ್ಟು ಬಲ್ಲವರು ತಮ್ಮ ಎದುರಿಗಿದ್ದ ಕಾಲವನ್ನು ಗುರುತಿಸಲಿಲ್ಲವೆಂದೇ.

ಕರ್ಮೆಲ್ ಬೆಟ್ಟದ ಮೇಲೆ ಎಲೀಯನೊಂದಿಗೆ ಇದ್ದ ಸೇವಕನನ್ನು ನೆನಸಿರಿ. ಅವನ ಹೆಸರು ಸಹ ಬರೆಯಲ್ಪಟ್ಟಿಲ್ಲ. ದೇಶಕ್ಕೆ ಬಹು ದಿನಗಳಿಂದ ಮಳೆಯಿಲ್ಲ. ಪ್ರವಾದಿಯು ಮೊಣಕಾಲುಗಳ ನಡುವೆ ಮುಖವಿಟ್ಟು ಬೊಗ್ಗಿದ್ದಾನೆ. ಸೇವಕನು ಹೋಗಿ ಸಮುದ್ರದ ಕಡೆಗೆ ನೋಡಿ ಬಂದು, ಏನೂ ಇಲ್ಲವೆಂದನು. ಮತ್ತೆ ಹೋಗೆಂದು ಅಪ್ಪಣೆಯಾಯಿತು. ಏಳನೆಯ ಸಾರಿ ಅಂಗೈಯಗಲದ ಮೋಡವು ಕಾಣುವ ತನಕ ಅವನು ಕಂಡದ್ದು ಬರಿದಾದ ಆಕಾಶ. ಯಜಮಾನನನ್ನು ಸಂತೋಷಪಡಿಸುವದಕ್ಕಾಗಿ ಅವನು ಇಲ್ಲದ ಮೋಡವನ್ನು ಹೇಳಲಿಲ್ಲ. ಇನ್ನು ಹೋಗೆನೆಂದು ಕೂತುಬಿಡಲೂ ಇಲ್ಲ. ಎಲೀಯನೂ ಅವನ ಮೇಲೆ ಸಿಟ್ಟಾಗಲಿಲ್ಲ. ನಮ್ಮ ಪ್ರಾರ್ಥನೆಗಳಲ್ಲಿ ಸ್ತೋತ್ರವೂ ಬೇಡಿಕೆಯೂ ಸಾಕಷ್ಟಿವೆ. ಕರ್ತನೇ, ಈ ಹೊತ್ತು ಏನೂ ಕಾಣಲಿಲ್ಲ ಎಂಬ ಒಂದು ಮಾತು ಅಪರೂಪ. ಅದನ್ನು ಹೇಳುವದು ಅವಿಶ್ವಾಸವೆಂದು ಹೆದರುತ್ತೇವೆ. ಆ ಹೆದರಿಕೆಯಿಂದಲೇ ಕೊನೆಗೆ ಪ್ರಾರ್ಥನೆಯನ್ನೇ ಬಿಡುತ್ತೇವೆ.

ಆ ವೃದ್ಧನಿಗೆ ನಾನು ಹೇಳಬೇಕಾಗಿದ್ದದ್ದು ಇದೇ. ಅವನ ಊರಿನ ಹೆಸರನ್ನು ಕೇಳಿಟ್ಟುಕೊಂಡಿದ್ದೇನೆ. ಮುಂದಿನ ತಿಂಗಳು ಆ ಕಡೆಗೆ ಹೋಗಬೇಕು. ಅಂದು ಕಮಲಾಪುರದಲ್ಲಿ ಇಳಿದ ಮೇಲೆ ಬಸ್ಸಿನ ಚೀಟಿಯ ಹಿಂಬದಿಯಲ್ಲಿ ನಾನು ಬರೆದದ್ದು ಇನ್ನೂ ನನ್ನ ಸತ್ಯವೇದದಲ್ಲಿದೆ: ಸಾಯಂಕಾಲ ಐದು ಗಂಟೆ, ಬಾಳೆತೋಟಗಳ ಮೇಲೆ ಮೋಡ, ಗಾಳಿ ಪಡುವಣದಿಂದ, ಮಳೆಯಿಲ್ಲ.