ದುಡಿಮೆ ಮುಗಿದ ಮೇಲೂ

ನಿವೃತ್ತರಾದ ತಂದೆ ದಿನವಿಡೀ ಜಗಲಿಯಲ್ಲಿ ಮಂಕಾಗಿ ಕುಳಿತರೆ ನಾವೇನು ಹೇಳುತ್ತೇವೆ? ವಯಸ್ಸಾಯಿತು, ಹೊತ್ತು ಹೋಗುವುದಿಲ್ಲ ಎಂದು. ಜಪಸರ ಹಿಡಿಯಿರಿ, ಮೊಮ್ಮಕ್ಕಳೊಡನೆ ಆಡಿ ಎಂಬ ಬುದ್ಧಿವಾದವನ್ನೂ ಸೇರಿಸುತ್ತೇವೆ. ಹೇಳುವುದು ಸುಲಭ!

ಆದರೆ ಅಷ್ಟು ವರ್ಷ ಅವರು ಎಂಥ ದುಡಿಮೆ ದುಡಿದರೆಂದು ಎಂದಾದರೂ ಕೇಳಿದ್ದೀರಾ? ಯೂರೋಪಿನ 13 ದೇಶಗಳ ನಿವೃತ್ತರನ್ನು ಕುರಿತ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ನಡುವಯಸ್ಸಿನಲ್ಲಿ ಒತ್ತಡದ ಕೆಲಸ ಮಾಡಿದವರಲ್ಲಿ, ಕೆಳದರ್ಜೆಯ ಹುದ್ದೆಯಲ್ಲಿದ್ದವರಲ್ಲಿ, ನಿವೃತ್ತಿಯ ನಂತರ ಖಿನ್ನತೆಯ ಲಕ್ಷಣಗಳು ಹೆಚ್ಚಾಗಿ ಕಂಡುಬಂದವು. ಒತ್ತಡವೆಂದರೆ ಬರೀ ಕೆಲಸದ ಹೊರೆಯಲ್ಲ. ಹೊರೆ ಬಹಳವಿದ್ದು, ಅದನ್ನು ಹೇಗೆ ಮಾಡಬೇಕೆಂದು ತೀರ್ಮಾನಿಸುವ ಹಕ್ಕು ಇಲ್ಲದಿದ್ದರೆ ಮನಸ್ಸು ಬಳಲುತ್ತದೆಂದು ರಾಬರ್ಟ್ ಕರಾಸೆಕ್ ಎಂಬ ವಿದ್ವಾಂಸರು ಸ್ವೀಡನ್ ಮತ್ತು ಅಮೆರಿಕದ ಕೆಲಸಗಾರರನ್ನು ಅಭ್ಯಸಿಸಿ 1979ರಲ್ಲೇ ಬರೆದಿದ್ದರು. ತಮ್ಮ ಗದ್ದೆಯನ್ನು ಎಂದು ಬಿತ್ತಬೇಕೆಂದು ತಾವೇ ನಿರ್ಧರಿಸಿದವರ ದಣಿವು ಬೇರೆ. ಅರ್ಧ ದಿನದ ರಜೆಗೂ ಸಾಹೇಬರ ಮುಂದೆ ಕೈಕಟ್ಟಿ ನಿಂತವರ ದಣಿವು ಬೇರೆ.

ಮುಪ್ಪಿನ ಎಲ್ಲ ಮಂಕಿಗೂ ಇದೇ ಕಾರಣವೆಂದಲ್ಲ. ವೈದ್ಯರಿಗೆ ತೋರಿಸುವುದನ್ನು ಮರೆಯಬೇಡಿ.

ಈಗ ಕಷ್ಟದ ಪ್ರಶ್ನೆ. ತಂದೆಯ ಸಾಹೇಬರ ಮೇಲೆ ನಮಗೆ ಸಿಟ್ಟು ಬರುತ್ತದೆ, ಸರಿ. ನಮ್ಮ ಕೈಕೆಳಗೂ ಜನರಿದ್ದಾರಲ್ಲ? ಅಂಗಡಿಯ ಹುಡುಗ, ಪಾತ್ರೆ ತೊಳೆಯುವಾಕೆ. ತಿಂಗಳ ಮೊದಲ ದಿನವೇ ಸಂಬಳ ಕೊಟ್ಟು, ನಮ್ಮ ಲೆಕ್ಕ ಚುಕ್ತಾ ಎನ್ನುತ್ತೇವೆ. ನಾವು ದಿನವೂ ಗದರಿದ್ದು, ಆಕೆಯ ಮಾತನ್ನು ಒಮ್ಮೆಯೂ ಕೇಳದೇ ಹೋದದ್ದು ಆ ಲೆಕ್ಕದಲ್ಲಿ ಬರುವುದಿಲ್ಲ. ಆಕೆಯ ಎಪ್ಪತ್ತನೆಯ ವಯಸ್ಸಿನಲ್ಲಿ, ಅದು ನಮ್ಮ ಕಣ್ಣಿಗೆ ಬೀಳದ ಯಾವುದೋ ಜಗಲಿಯಲ್ಲಿ ಬರುತ್ತದೆ.