ಹಿಂದಿನವನು ಕಾಣುವವರೆಗೆ

ಗುಂಪು ಕಟ್ಟಿಕೊಂಡು ಕಾಡುಗುಡ್ಡಗಳಲ್ಲಿ ಬೈಕ್ ಓಡಿಸುವವರಲ್ಲಿ ಒಂದು ಕಟ್ಟಳೆ ಇದೆ. ದಾರಿ ಕವಲೊಡೆದಲ್ಲಿ ನಿಲ್ಲಬೇಕು, ಹಿಂದಿನವನ ದೀಪ ಕಾಣುವವರೆಗೆ ಕದಲಬಾರದು. ಎಲ್ಲರಿಗಿಂತ ಮುಂದಿರುವವನು ಲೀಡ್, ಕಟ್ಟಕಡೆಯವನು ಸ್ವೀಪ್. ಲೀಡ್‌ಗೆ ದಾರಿ ಗೊತ್ತಿದ್ದರೆ ನಡೆಯುತ್ತದೆ. ಸ್ವೀಪ್‌ಗೆ ಪಂಕ್ಚರ್ ಹಾಕಲು ಬರಬೇಕು, ಹಳ್ಳಕ್ಕೆ ಜಾರಿದ ಗಾಡಿಯನ್ನು ಎತ್ತುವ ತೋಳಿರಬೇಕು, ಹತ್ತನೇ ಸಲ ಬಿದ್ದ ಹೊಸಬನ ಮೇಲೆ ರೇಗದ ಬಾಯಿ ಇರಬೇಕು. ಹದಿನೈದು ಜನರ ಗುಂಪಿನಲ್ಲಿ ಯಾರೂ ಎಲ್ಲರನ್ನೂ ಎಣಿಸುತ್ತ ಕೂರುವುದಿಲ್ಲ. ಒಬ್ಬೊಬ್ಬನೂ ತನ್ನ ಬೆನ್ನ ಹಿಂದಿನ ಒಬ್ಬನನ್ನು ನೋಡಿಕೊಂಡರಾಯಿತು. ಧರ್ಮದ ಬಗ್ಗೆ ಗಂಟೆಗಟ್ಟಲೆ ಉಪನ್ಯಾಸ ಕೇಳಿದವರೂ ಇಷ್ಟನ್ನು ಪಾಲಿಸುವುದನ್ನು ನಾನು ಹೆಚ್ಚು ಕಂಡಿಲ್ಲ.

ದೊಡ್ಡ ಸ್ಪರ್ಧೆಗಳಲ್ಲೂ ಇದಕ್ಕೊಂದು ಜಾಗವಿದೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರೈಸಿದರು. ಭಾರತೀಯರಲ್ಲಿ ಅವರೇ ಮೊದಲಿಗರು. ಅದೇ ಸಂತೋಷ್ 2021ರ ಜನವರಿಯಲ್ಲಿ ಸೌದಿ ಅರೇಬಿಯಾದ ಮರಳಿನಲ್ಲಿ ಬಿದ್ದು, ತಲೆಗೆ ಪೆಟ್ಟಾಗಿ, ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಬೇಕಾಯಿತು. ಸೆಕೆಂಡುಗಳನ್ನು ಎಣಿಸುವ ಆ ರ‍್ಯಾಲಿಯಲ್ಲಿ, ಬಿದ್ದ ಎದುರಾಳಿಯ ನೆರವಿಗೆ ನಿಂತವನಿಗೆ ನಿಂತಷ್ಟು ಹೊತ್ತನ್ನು ವಾಪಸು ಕೊಡುತ್ತಾರೆ. ನಮ್ಮ ಗುಡ್ಡಗಳಲ್ಲಿ ಗಡಿಯಾರ ಹಿಡಿದವರು ಯಾರೂ ಇಲ್ಲ. ಆದರೂ ಅವಸರ ಮಾತ್ರ ಎಲ್ಲಿಂದಲೋ ಬಂದುಬಿಡುತ್ತದೆ.

ಕೊಪ್ಪ ತಾಲ್ಲೂಕಿನ ಭಂಡಿಗಡಿಯ ಸುತ್ತಿನ ಸೀಮೆ ಇಂಥ ಸವಾರಿಗೆ ಹೇಳಿ ಮಾಡಿಸಿದ ಹಾಗಿದೆ. ತಗ್ಗಿನಲ್ಲಿ ಅಡಿಕೆ ತೋಟ, ಪಕ್ಕದ ಇಳಿಜಾರಿನಲ್ಲಿ ಕಾಫಿ, ಮೆಣಸು, ಮೇಲಕ್ಕೆ ಸೊಪ್ಪಿನಬೆಟ್ಟ, ಅದರಾಚೆ ಕಾನು. ನಡುವೆ ಎಲ್ಲೆಂದರಲ್ಲಿ ಕಾಲುದಾರಿ. ಈ ದಾರಿಗಳನ್ನು ಯಾವ ಇಲಾಖೆಯೂ ಮಾಡಿದ್ದಲ್ಲ. ಸೊಪ್ಪಿನ ಹೊರೆ ಹೊತ್ತವರು, ದನ ಅಟ್ಟಿಕೊಂಡು ಹೋದವರು, ಕಾಲುಸಂಕ ದಾಟಿ ಶಾಲೆಗೆ ಹೋದ ಮಕ್ಕಳು ತುಳಿದು ತುಳಿದು ಆದದ್ದು.

ಹಾಗೆಂದು ಗುಡ್ಡಕ್ಕೆ ಬೈಕೇ ಬರಬಾರದು ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಮೈಸೂರಿನ ಕಾರ್ಖಾನೆಯಿಂದ ಬಂದ ಯೆಜ್ಡಿ, ಆಮೇಲೆ ಎಂ80, ಈಗ ಸ್ಪ್ಲೆಂಡರ್: ಮಲೆನಾಡಿನ ಒಂಟಿಮನೆಗಳ ಬದುಕು ನಡೆದಿರುವುದೇ ಇವುಗಳ ಮೇಲೆ. ಗೊಬ್ಬರದ ಚೀಲವೂ, ಜ್ವರ ಬಂದ ಅಜ್ಜಿಯೂ ಇದೇ ದಾರಿಯಲ್ಲಿ ಇದೇ ಗಾಡಿಯಲ್ಲಿ ಬಂದಿದ್ದಾರೆ. ಹಳದಿ ಎಲೆ ರೋಗ, ಎಲೆಚುಕ್ಕಿ ರೋಗ ಎಂದು ಅಡಿಕೆ ಸೊರಗಿದ ಕೊಪ್ಪ, ಶೃಂಗೇರಿ, ಎನ್.ಆರ್. ಪುರದ ಕಡೆ ಹೋಂಸ್ಟೇಗೆ ಬಂದಿಳಿಯುವ ಬೈಕ್ ಹುಡುಗರು ಕೆಲವು ಮನೆಗಳಿಗೆ ಆಧಾರವೂ ಹೌದು. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಸ್ವೀಪ್‌ನ ಹಿಂದೆ ಯಾರಿದ್ದಾರೆ?

ಮೊದಲು ಸಿಗುವುದು ಉಣುಗೋಲು. ಬೇಲಿಯ ನಡುವಿನ ಗಳಗಳನ್ನು ಮುಂದಿನವನು ಸರಿಸುತ್ತಾನೆ, ಹದಿನೈದು ಗಾಡಿ ದಾಟುತ್ತವೆ. ಕೊನೆಯವನು ಅಷ್ಟರಲ್ಲಿ ಬೆವರಿ ಬಸವಳಿದಿರುತ್ತಾನೆ. ಇಳಿದು ಗಳ ಹಾಕಲು ಮರೆತರೆ ಸಂಜೆಯೊಳಗೆ ದನಗಳು ಗದ್ದೆಯಲ್ಲಿ. ಆಮೇಲೆ ಕರಿ ಪೈಪು. ಮೇಲಿನ ಒರತೆಯಿಂದ ಮನೆಯ ತೊಟ್ಟಿಗೆ ಅಬ್ಬಿನೀರು ತರಲು ಹಿಂದೆ ದಂಬೆ ಇತ್ತು, ಈಗ ಒಂದಿಂಚಿನ ಪಾಲಿಥಿನ್ ಪೈಪ್. ದರಗಿನಡಿ ಹುದುಗಿ ದಾರಿಗೆ ಅಡ್ಡ ಬಿದ್ದಿರುತ್ತದೆ, ಕಾಣುವುದೇ ಇಲ್ಲ. ಗುಬುಟು ಟೈರ್ ಏರಿನಲ್ಲಿ ಗಿರ್ರೆಂದು ತಿರುಗಿದಾಗ ಜಾಯಿಂಟ್ ಕಳಚುತ್ತದೆ. ಹೆಲ್ಮೆಟ್ಟಿನೊಳಗಿನ ಕಿವಿಗೆ ಅದು ಕೇಳಿಸುವುದಿಲ್ಲ. ಕೆಳಗೆ ಒಂದು ಮನೆಯಲ್ಲಿ ನೀರು ನಿಲ್ಲುತ್ತದೆ, ಯಾರೋ ಒಬ್ಬರು ಪೈಪಿನ ಜಾಡು ಹಿಡಿದು ಅರ್ಧ ದಿನ ಗುಡ್ಡ ಹತ್ತುತ್ತಾರೆ. ನನಗೆ ಗೊತ್ತಿರುವ ಸ್ವೀಪ್ ಒಬ್ಬ ಪಂಕ್ಚರ್ ಕಿಟ್ ಜೊತೆಗೆ ಎರಡು ಪೈಪ್ ಜಾಯಿನರ್ ಇಟ್ಟುಕೊಳ್ಳುತ್ತಾನೆ. ಗುಂಪಿನವರು ಅವನನ್ನು ಪ್ಲಂಬರ್ ಎಂದು ಕರೆದು ನಗುತ್ತಾರೆ.

ಮತ್ತೂ ಹಿಂದೆ ಬರುವುದು ಮಳೆ. ಸವಾರರ ಕಾಲ ಬೇಸಿಗೆ, ಅದರ ಫಲ ಕಾಣುವುದು ಜೂನ್ ಕಳೆದ ಮೇಲೆ. ಏರಿನಲ್ಲಿ ಚಕ್ರ ಜಾರಿ ತಿರುಗಿದಲ್ಲಿ ದರಗು ಹಾರಿಹೋಗಿ ಕೆಂಪುಮಣ್ಣು ಬತ್ತಲಾಗುತ್ತದೆ. ನೆಲ ಗಟ್ಟಿಯಾಗಿ ನೀರು ಇಂಗುವುದಿಲ್ಲ, ಚಕ್ರದ ಗೆರೆಯನ್ನೇ ಹಿಡಿದು ಇಳಿಯುತ್ತದೆ. ಹತ್ತಿರದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಅದರ ಮೂರನೇ ಒಂದು ಪಾಲು ಸುರಿದರೂ ಸಾಕು, ಗೆರೆ ಕೊರಕಲಾಗುತ್ತದೆ. ಮರುವರ್ಷ ಬಂದವರು ಕೊರಕಲು ಬಿಟ್ಟು ಪಕ್ಕದಲ್ಲಿ ಹತ್ತುತ್ತಾರೆ, ಅಲ್ಲೂ ಗೆರೆ. ಸ್ಪ್ಲೆಂಡರ್‌ನಲ್ಲಿ ಚೀಲ ಹೇರಿಕೊಂಡು ಬರುವವನು ಚಕ್ರ ಜಾರಿಸುವುದಿಲ್ಲ. ನಾಳೆಯೂ ಅವನಿಗೆ ಅದೇ ದಾರಿ ಬೇಕು.

ಕುದುರೆಮುಖ ರಾಷ್ಟ್ರೀಯ ಉದ್ಯಾನ, ಭದ್ರಾ ಹುಲಿ ಮೀಸಲು ಪ್ರದೇಶಗಳೊಳಗೆ ಅನುಮತಿಯಿಲ್ಲದೆ ಹೊಕ್ಕರೆ 1972ರ ವನ್ಯಜೀವಿ ಕಾಯ್ದೆ ಇದೆ, ಅದರ ಚರ್ಚೆ ಇಲ್ಲಿ ಬೇಡ. ಒಂದು ಮಾತು ಮಾತ್ರ ಹೇಳಬೇಕು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬದ ಕ್ಯಾಸನೂರಿನ ಕಾಡಿನಲ್ಲಿ ಗುರುತಿಸಿದ ಆ ರೋಗ ಇತ್ತೀಚೆಗೆ ಕೊಪ್ಪ, ಎನ್.ಆರ್. ಪುರದ ಕಡೆಯೂ ಕಾಣಿಸಿಕೊಂಡಿದೆ. ಕಾಡಿಗೆ ಹೋಗಬೇಡಿ, ಹೋಗಲೇಬೇಕಾದರೆ ರೋಗ ಹರಡುವ ಉಣುಗು ಕಚ್ಚದಂತೆ ಡೆಪಾ ಎಣ್ಣೆ ಹಚ್ಚಿಕೊಳ್ಳಿ ಎಂದು ಆರೋಗ್ಯ ಇಲಾಖೆಯವರು ಊರವರಿಗೆ ಹೇಳುತ್ತಾರೆ. ದರಗು ತರದೆ ಕೊಟ್ಟಿಗೆ ನಡೆಯದವರು ಆ ಮಾತಿಗೆ ಹೆದರಿ ಅಂಗಳದಲ್ಲಿ ನಿಂತಿರುವಾಗ, ಉಣುಗಿನ ಹೆಸರೇ ಕೇಳದ ಹುಡುಗರು ಅವರೆದುರೇ ಕಾನು ಹೊಗುತ್ತಾರೆ.

ಈಗ ಇನ್ನೊಂದು ಬಗೆಯ ಹಿಂದಿನವರು ಹುಟ್ಟಿಕೊಂಡಿದ್ದಾರೆ. ಒಂದು ಗುಂಪು ಹೋಗಿಬಂದ ಜಾಡು ಫೋನಿನಲ್ಲಿ ಜಿಪಿಎಕ್ಸ್ ಫೈಲ್ ಆಗಿ ಉಳಿಯುತ್ತದೆ, ವಾಟ್ಸ್‌ಆ್ಯಪ್‌ನಲ್ಲಿ ಕೈ ಬದಲಾಗುತ್ತದೆ. ಮುಂದಿನ ವಾರ ಅದನ್ನು ಹಿಡಿದು ಬರುವವರ ಮುಖ ಮೊದಲಿನವರಿಗೆ ಗೊತ್ತಿಲ್ಲ. ಅವರಿಗಾಗಿ ಯಾವ ಕವಲಿನಲ್ಲೂ ಯಾರೂ ಕಾದು ನಿಂತಿರುವುದಿಲ್ಲ. ಫೈಲಿನಲ್ಲಿ ತಿರುವು ಇದೆ, ಏರು ಇದೆ. ಉಣುಗೋಲಾಗಲಿ ಪೈಪಾಗಲಿ ಇಲ್ಲ. ದಾರಿಬದಿಯ ಮನೆಯವರು ತಮ್ಮ ಪರಿಚಯದ ನಾಲ್ವರಿಗೆ ಹೂಂ ಅಂದದ್ದು ನಲವತ್ತು ಜನ ಅಪರಿಚಿತರಿಗೆ ಒಪ್ಪಿಗೆಯಾಗಿ ಬದಲಾಗಿರುತ್ತದೆ.

ಹಾಗಾಗಿ ಫೈಲ್ ಹಂಚುವುದೇ ಬೇಡ, ಹೊಸಬ ಬರುವುದಾದರೆ ಹಳಬನೊಬ್ಬನ ಹಿಂದೆಯೇ ಬರಲಿ ಅನ್ನುವವರಿದ್ದಾರೆ. ಇದರಲ್ಲಿ ಯಜಮಾನಿಕೆಯ ವಾಸನೆ ಹೊಡೆಯುತ್ತದೆ. ದಾರಿ ಅವರದ್ದೂ ಅಲ್ಲವಲ್ಲ! ಅವರೂ ಮೊದಲ ಸಲ ಯಾರದೋ ಅಂಗಳದಲ್ಲಿ ಎಂಜಿನ್ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಈ ಕಡೆ ಗಾಡಿ ಹೋಗುತ್ತದೆಯೇ ಎಂದು ಕೇಳಿಕೊಂಡೇ ಹತ್ತಿದವರು. ಹೊಸಬನಿಗೂ ಅದು ಸಾಧ್ಯ. ಕೇಳಿದರೆ ಪೈಪ್ ಎಲ್ಲಿ ಹಾದಿದೆ, ಕಳೆದ ಮಳೆಗೆ ಯಾವ ಏರು ಕುಸಿದಿದೆ ಎಂದೆಲ್ಲ ಹೇಳುತ್ತಾರೆ, ಕೆಲವರು ಕಾಫಿಯನ್ನೂ ಕೊಡುತ್ತಾರೆ. ಈ ವರ್ಷ ಬೇಡ ಮಾರಾಯ್ರೇ ಅನ್ನುವವರೂ ಇರುತ್ತಾರೆ. ಆಗ ಗಾಡಿ ತಿರುಗಿಸಿಕೊಂಡು ಡಾಂಬರು ರಸ್ತೆಗೆ ಬರಬೇಕು, ಅಷ್ಟೆ.