ಇಳಿಯುವ ಬಲ

ಕೊಳ್ಳೇಗಾಲ, ಹನೂರು ದಾಟಿ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದು ಬರುವವರಿಗೆ ತಾಳುಬೆಟ್ಟದಲ್ಲಿ ಏರು ತೊಡಗುತ್ತದೆ. ಶಿವರಾತ್ರಿಯ ಹೊತ್ತಿನಲ್ಲಿ ‘ಉಘೇ ಮಾದಪ್ಪ’ ಎಂಬ ಕೂಗೇ ದಣಿದವರನ್ನು ಮೇಲಕ್ಕೆ ಒಯ್ಯುತ್ತದೆ. ದರ್ಶನದ ಬಳಿಕ ಬಹುಮಂದಿ ಬಸ್ಸು ಹಿಡಿಯುತ್ತಾರೆ. ನಾನು ಕಾಲುದಾರಿಯಲ್ಲೇ ಮರಳಿದೆ. ಏರುವುದು ತಪಸ್ಸು, ಇಳಿಯುವುದು ಅದರ ವಿಶ್ರಾಂತಿ ಎಂಬುದು ನನ್ನ ಎಣಿಕೆಯಾಗಿತ್ತು. ಕೋಲೂರಿ ಜೊತೆಗೆ ಬರುತ್ತಿದ್ದ ಅಜ್ಜಿಯೊಬ್ಬರು ಪ್ರತಿ ಹೆಜ್ಜೆಯನ್ನೂ ಅಳೆದು ಇಡುತ್ತಿದ್ದರು. “ಹತ್ತಕ್ಕ ಉಸ್ರು ಬೇಕು ಕನ ಮಗ, ಇಳಿಯಕ್ಕ ಮಂಡಿ ಬೇಕು” ಎಂದರು.

ಶರೀರಶಾಸ್ತ್ರವೂ ಈ ಮಾತನ್ನು ಒಪ್ಪುತ್ತದೆ. ಮಂಡಿಯಲ್ಲಿ ತೊಡೆಮೂಳೆಯ ದುಂಡು ತುದಿ ಕೆಳಗಿನ ಮೂಳೆಯ ಚಪ್ಪಟೆ ನೆತ್ತಿಯ ಮೇಲೆ ಕೂರುತ್ತದೆ. ಹೊಂದದ ಇವೆರಡನ್ನು ಹೊಂದಿಸುವುದು ನಡುವಿನ 2 ಅರ್ಧಚಂದ್ರಾಕಾರದ ಮೆತ್ತೆಗಳು; ಅಂಕೆಯಲ್ಲಿಡುವುದು ಒಳಗೆ ಒಂದನ್ನೊಂದು ಹಾದುಹೋಗುವ 2 ಮತ್ತು ಪಕ್ಕದ 2 ಅಸ್ಥಿರಜ್ಜುಗಳು. ಏರುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗಿ ದೇಹವನ್ನು ಎತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಲೇ ಬಿಗಿಹಿಡಿದು, ಭಾರವನ್ನು ಮೆಲ್ಲನೆ ನೆಲಕ್ಕೆ ಒಪ್ಪಿಸುತ್ತದೆ. ಉಸಿರಿನ ವೆಚ್ಚ ಕಡಿಮೆ; ಆದರೆ ಮಂಡಿಚಿಪ್ಪಿನ ಹಿಂಬದಿಗೆ ಬೀಳುವ ಒತ್ತಡ ದೇಹದ ತೂಕದ ಸುಮಾರು 3 ಪಟ್ಟು.

ಹಾಗಾದರೆ ಬಲವೆಂದರೇನು? ಪಡೆಯುವುದನ್ನೂ ಗೆಲ್ಲುವುದನ್ನೂ ಬಲವೆಂದು ಎಣಿಸುತ್ತಾ ಬಂದ ನನಗೆ, ಬಿಟ್ಟುಕೊಡುವುದು ಬಲಹೀನರ ಪಾಲಿನದಾಗಿ ಕಂಡಿತ್ತು. ಆದರೆ ಮನೆಯ ಯಜಮಾನಿಕೆಯನ್ನು ಮಕ್ಕಳಿಗೆ ಒಪ್ಪಿಸಿಯೂ ಮನೆಯ ಹಿತವನ್ನು ಮರೆಯದ ತಾಯಿ, ಕೋಪವನ್ನು ತಗ್ಗಿಸಿಯೂ ನ್ಯಾಯವನ್ನು ಬಿಡದ ಮನುಷ್ಯ, ಇವರಲ್ಲಿ ಕೆಲಸ ಮಾಡುವುದು ಆ ತೊಡೆಯ ಬಲವೇ. ಪೂರ್ತಿ ಸಡಿಲಬಿಟ್ಟರೆ ಬೀಳುತ್ತೇವೆ. ಬಿಗಿದೇ ನಿಂತರೆ ಇಳಿಯಲಾರೆವು.

ಇದು ಮುಪ್ಪಿನವರ ಸಮಾಧಾನದ ಮಾತೇ ಎಂದೂ ಕೇಳಿಕೊಂಡೆ. ಅದಕ್ಕೂ ಮಂಡಿಯಲ್ಲೇ ಉತ್ತರವಿದೆ. ಮೂಳೆತುದಿಗಳನ್ನು ಹೊದ್ದಿರುವ ಮೃದ್ವಸ್ಥಿಗೆ ನರವೂ ಇಲ್ಲ, ರಕ್ತನಾಳವೂ ಇಲ್ಲ. ಕೀಲಿನ ದ್ರವವೇ ಅದರ ಆಹಾರ. ನಡೆಯುವಾಗಿನ ಒತ್ತಡ ಮತ್ತು ಬಿಡುವು ಆ ಆಹಾರವನ್ನು ಒಳಗೆ ಹಾಯಿಸುತ್ತವೆ. ಸವೆಯುವಾಗ ಅದು ದೂರು ಹೇಳುವುದಿಲ್ಲ. ಸುತ್ತಲಿನ ಮೂಳೆ, ಪೊರೆಗಳು ನೋಯುವ ಹೊತ್ತಿಗೆ ಸವೆತ ಬಹಳ ಮುಂದುವರಿದಿರಬಹುದು. ನೋವಿಲ್ಲದ್ದನ್ನೇ ಸ್ವಾಸ್ಥ್ಯವೆಂದು ನಂಬುವುದು ದೇಹದಲ್ಲೂ ಸಂಬಂಧಗಳಲ್ಲೂ ಅಪಾಯಕರ.

ಆದುದರಿಂದ ತೊಡೆಯ ಬಲವನ್ನು ನೋವು ಬರುವ ಮುನ್ನವೇ ಗಳಿಸಿಕೊಳ್ಳಿ. ಮನಸ್ಸಿಗೂ ಆ ಅಭ್ಯಾಸ ಕಲಿಸಿ. ಇಳಿಯುವುದನ್ನು ಏರುವ ವಯಸ್ಸಿನಲ್ಲೇ ಕಲಿಯಬೇಕು.